ಹಣೆಬರಹ ಮತ್ತು ಹಣೆಯ ಹಿಂದಿನ ಮೆದುಳು

1

ಹಣೆಬರಹ ಎಂಬ ಮಾತು ನಮ್ಮ ಜನರ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಮಗ ಪರೀಕ್ಷೆಯಲ್ಲಿ ಫೇಲಾದರೆ ಹಣೆಬರಹ. ಮಗಳ ಓದು ಏಳನೆಯ ಕ್ಲಾಸಿಗೇ ನಿಂತರೆ ಹಣೆಬರಹ. ನನ್ನ ಅಮ್ಮ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತ ದಿನಕ್ಕೆ ನಾಲ್ಕು ಸಲವಾದರೂ ಈ ಮಾತು ಹೇಳುತ್ತಿದ್ದರು. ಹೇಳುವಾಗ ಅವರ ಕಣ್ಣು ಬಾಗಿಲ ಕಡೆ ಇರುತ್ತಿತ್ತು. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ಎಲೆ ಸುತ್ತಿ, ಹೊಗೆಸೊಪ್ಪು ತುಂಬಿ, ನೂಲು ಕಟ್ಟುತ್ತಿದ್ದವು. ಯಾರು ಬರೆದದ್ದು, ಯಾವ ಲಿಪಿಯಲ್ಲಿ ಬರೆದದ್ದು ಅಂತ ಒಮ್ಮೆ ಕೇಳಿದ್ದೆ. "ಓದಿದವ ನೀನು, ನೀನೇ ಹೇಳು" ಅಂದಿದ್ದರು.

ನಾನೀಗ ಮೂಡುಬಿದಿರೆಯಲ್ಲಿ ಶಿಕ್ಷಣ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಅಮ್ಮನಿಗೆ ಕೊಡಬೇಕಾಗಿದ್ದ ಉತ್ತರ ಅರ್ಧಂಬರ್ಧ ಸಿಕ್ಕಿದೆ. ಹಣೆಯ ಮೇಲೆ ಏನೂ ಬರೆದಿಲ್ಲ. ಆದರೆ ಹಣೆಯ ಎಲುಬಿನ ಹಿಂದೆ ಬರೆಯುವ ಕೆಲಸ ಹುಟ್ಟಿನ ಮುಂಚಿನಿಂದಲೂ ನಡೆಯುತ್ತದೆ, ಸಾಯುವ ತನಕ ನಿಲ್ಲುವುದಿಲ್ಲ. ಬರೆಯುವವನು ಬ್ರಹ್ಮನಲ್ಲ. ಮನೆ, ಕೇರಿ, ಶಾಲೆ, ಊಟ, ಅಕ್ಕರೆ, ಅವಮಾನ ಇವೆಲ್ಲ ಸೇರಿ ಬರೆಯುತ್ತವೆ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಮೆದುಳಿಗೇನು ಕೆಲಸ ಎಂದು ಕೇಳಬಹುದು. ಕಾರಣ ನನ್ನದೇ ಒಂದು ತಪ್ಪು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕೊನೆಯ ದಿನ ಹತ್ತಿರ ಬಂದಿತ್ತು. ತರಗತಿಯಲ್ಲಿ ಪಾಠದ ನಡುವೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಒಬ್ಬೊಬ್ಬರೇ ಎದ್ದು ನಿಂತರು. ಅವರಲ್ಲೊಬ್ಬಳು ಅದುವರೆಗೆ ಎರಡನೆಯ ಬೆಂಚಿನಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ ಹುಡುಗಿ. ಮಾರನೆಯ ದಿನದಿಂದ ಅವಳು ಹಿಂದಿನ ಬೆಂಚಿಗೆ ಹೋದಳು, ಬಾಯಿ ಬಿಡಲಿಲ್ಲ. ಕಿರು ಪರೀಕ್ಷೆಯಲ್ಲಿ ಗೊತ್ತಿದ್ದ ಉತ್ತರಗಳನ್ನೇ ತಪ್ಪು ಬರೆದಳು. ಸ್ಟಾಫ್ ರೂಮಿನ ಹೊರಗೆ ನಿಂತು ಒಂದೇ ಮಾತು ಹೇಳಿದಳು: "ಸರ್, ಸ್ಕಾಲರ್‌ಶಿಪ್ ಇಲ್ಲದಿದ್ದರೂ ಅಡ್ಡಿ ಇಲ್ಲ. ಹೆಸರು ಮಾತ್ರ ಹಾಗೆ ಕರೆಯುವುದು ಬೇಡ."

ಅದೇ ಕೇರಿಯಿಂದ ಬಂದ ನನಗೇ ಇದು ಹೊಳೆಯಲಿಲ್ಲವಲ್ಲ! ಒಂದು ಹೆಸರು, ಒಂದು ಪಟ್ಟಿ, ಅರ್ಧ ನಿಮಿಷ. ಗೊತ್ತಿದ್ದ ಉತ್ತರ ಎಲ್ಲಿಗೆ ಹೋಯಿತು? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದ್ದು.

2

ಮೊದಲು ಮೆದುಳನ್ನು ಅಳೆದವರ ಕತೆ ಹೇಳಿಬಿಡಬೇಕು. ಅದು ಒಳ್ಳೆಯ ಕತೆಯಲ್ಲ.

19ನೇ ಶತಮಾನದಲ್ಲಿ ಯುರೋಪು ಅಮೆರಿಕಗಳ ಪಂಡಿತರು ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿ ಅಳತೆ ಮಾಡಿದರು. ಯಾರ ಬುರುಡೆ ದೊಡ್ಡದೋ ಅವರು ಬುದ್ಧಿವಂತರು ಎಂಬ ತೀರ್ಮಾನವನ್ನು ಅಳತೆಗೆ ಮುಂಚೆಯೇ ಮಾಡಿಕೊಂಡಿದ್ದರು. ನಮ್ಮ ದೇಶಕ್ಕೆ ಅದೇ ಸರಕು ಹರ್ಬರ್ಟ್ ರಿಸ್ಲಿಯ ಕೈಯಲ್ಲಿ ಬಂತು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಈ ಬ್ರಿಟಿಷ್ ಅಧಿಕಾರಿ ಜನರ ಮೂಗಿನ ಅಗಲ ಉದ್ದಗಳನ್ನು ಅಳೆದು, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂದು ಸಾರಿದ. ಮನು ಹೇಳಿದ್ದನ್ನೇ ಈತ ಅಳತೆಗೋಲು ಹಿಡಿದು ಹೇಳಿದ, ಅಷ್ಟೇ ವ್ಯತ್ಯಾಸ.

ಇದಕ್ಕೆ ಉತ್ತರ ಕೊಟ್ಟವರು ಬಾಬಾಸಾಹೇಬರು. 1948ರಲ್ಲಿ ಬಂದ ಅಸ್ಪೃಶ್ಯರನ್ನು ಕುರಿತ ತಮ್ಮ ಪುಸ್ತಕದಲ್ಲಿ ಅವರು ಘುರ್ಯೆಯವರು ಕೊಟ್ಟಿದ್ದ ಮೂಗಿನ ಅಂಕಿಗಳನ್ನೇ ಎತ್ತಿಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರೆಂಬ ವಾದ ಆ ಅಂಕಿಗಳ ಮುಂದೆಯೇ ನಿಲ್ಲುವುದಿಲ್ಲ ಎಂದು ತೋರಿಸಿದರು. ಶತ್ರುವಿನ ಅಳತೆಗೋಲಿನಿಂದಲೇ ಶತ್ರುವಿನ ಸುಳ್ಳನ್ನು ಅಳೆದರು. ಅದಕ್ಕೂ ಮೊದಲು, 1936ರ ಜಾತಿ ವಿನಾಶದ ಪ್ರಬಂಧದಲ್ಲಿ, ಜಾತಿ ಇಟ್ಟಿಗೆ ಗೋಡೆಯಂಥದಲ್ಲ, ಅದು ಒಂದು ಮನಃಸ್ಥಿತಿ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು. ಮನಃಸ್ಥಿತಿ ಎಂದರೆ ಗಾಳಿಯಲ್ಲ. ಅದಕ್ಕೂ ಒಂದು ಠಾವು ಬೇಕು.

ಆ ಠಾವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಆರಂಭವಾದ ಮೆದುಳು ಬ್ಯಾಂಕ್ ಇದೆ. ಅದರ ಜೊತೆಗೆ ಜನ ಬಂದು ನೋಡಬಹುದಾದ ಮೆದುಳಿನ ಸಂಗ್ರಹಾಲಯವೂ ಇದೆ. ಸಂರಕ್ಷಿಸಿಟ್ಟ ಮನುಷ್ಯನ ಮೆದುಳನ್ನು ಅಲ್ಲಿ ಮುಟ್ಟಿ ನೋಡಬಹುದು. ತೂಕ ಹೆಚ್ಚೆಂದರೆ ಒಂದು ಕಿಲೋ ಮುನ್ನೂರು ನಾನೂರು ಗ್ರಾಂ. ಹೊರಮೈ ಸುಕ್ಕುಸುಕ್ಕು. ಅದು ಯಾವ ಜಾತಿಯವರ ಮೆದುಳು ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಉಪಾಯವೂ ಇರಲಿಲ್ಲ. ಮುಟ್ಟುವುದೆಂಬ ಕ್ರಿಯೆಯೇ ನಮ್ಮ ಪಾಲಿಗೆ ಶತಮಾನಗಳ ಜಗಳ. ಆ ದಿನ ನನ್ನ ಅಂಗೈಯಲ್ಲಿ ಯಾರದೋ ಇಡೀ ಬದುಕು ಕೂತಿತ್ತು.

3

ಈ ಸುಕ್ಕುಗಟ್ಟಿದ ವಸ್ತು ಕೆಲಸ ಮಾಡುವುದು ಹೇಗೆ?

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿ ನರಕೋಶಕ್ಕೂ ಮರದ ಕೊಂಬೆಗಳಂಥ ಕವಲುಗಳು. ಒಂದರ ಕವಲು ಇನ್ನೊಂದಕ್ಕೆ ಅಂಟಿಕೊಂಡಿರುವುದಿಲ್ಲ. ನಡುವೆ ಅತಿ ಸಣ್ಣ ಸಂದು. ಸುದ್ದಿ ಆ ಸಂದನ್ನು ಹೆಚ್ಚಾಗಿ ರಾಸಾಯನಿಕಗಳ ಮೂಲಕ ದಾಟುತ್ತದೆ. ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಒಂದು ಸರಳ ಸಂಗತಿ ಹೇಳಿದ: ಒಂದು ನರಕೋಶ ಮತ್ತೊಂದನ್ನು ಮತ್ತೆ ಮತ್ತೆ ಎಬ್ಬಿಸುತ್ತಿದ್ದರೆ ಅವುಗಳ ನಡುವಿನ ಕೊಂಡಿ ಬಲವಾಗುತ್ತದೆ. ನಮ್ಮ ಗುಡ್ಡಗಳಲ್ಲಿ ಮುಳಿಹುಲ್ಲಿನ ನಡುವೆ ಕಾಲುದಾರಿ ಆಗುವುದು ಹೀಗೆಯೇ ಅಲ್ಲವೆ? ಯಾರೂ ಕಡಿದು ಮಾಡಿದ್ದಲ್ಲ. ನಡೆದು ನಡೆದು ಆದದ್ದು. ನಡೆಯುವುದು ನಿಂತರೆ ಎರಡು ಮಳೆಗಾಲದಲ್ಲಿ ಹುಲ್ಲು ಮುಚ್ಚುತ್ತದೆ. ಕಲಿಕೆ ಎಂದರೆ ದಾರಿ ಬೀಳುವುದು, ಮರೆವು ಎಂದರೆ ಹುಲ್ಲು ಬೆಳೆಯುವುದು.

ಅಮ್ಮನ ಬೆರಳು ಕಣ್ಣಿನ ಸಹಾಯವಿಲ್ಲದೆ ಬೀಡಿ ಕಟ್ಟುತ್ತಿದ್ದದ್ದು ಇಂಥ ದಾರಿಯ ಬಲದಿಂದ. ಆ ಬಗೆಯ ಕೈಗೆಲಸದ ನೆನಪು ಮೆದುಳಿನ ಒಳಭಾಗದ ನರಗಂಟುಗಳಲ್ಲೂ ಹಿಂಬದಿಯ ಕಿರುಮೆದುಳಿನಲ್ಲೂ ನೆಲೆ ನಿಲ್ಲುತ್ತದೆ. ಒಂದು ಸಲ ನಿಂತ ಮೇಲೆ ಯೋಚನೆ ಬೇಡ. ಒಳ್ಳೆಯ ಅಭ್ಯಾಸಕ್ಕೂ ಕೆಟ್ಟ ಅಭ್ಯಾಸಕ್ಕೂ ಇದೇ ಲೆಕ್ಕ.

ನಮ್ಮ ಮಾತಿಗೆ ಮೂರು ಜಾಗಗಳನ್ನು ಗುರುತಿಟ್ಟುಕೊಂಡರೆ ಸಾಕು. ಕಿವಿಯ ನೇರಕ್ಕೆ ಒಳಗೆ, ಬಾದಾಮಿ ಬೀಜದ ಆಕಾರದ ಅಮಿಗ್ಡಲ. ಅಪಾಯದ ವಾಸನೆ ಹಿಡಿಯುವುದು, ಭಯದ ಪಾಠ ಕಲಿಯುವುದು ಇದರ ಮುಖ್ಯ ಕೆಲಸಗಳಲ್ಲೊಂದು. ಅದರ ಪಕ್ಕದಲ್ಲೇ ಕಡಲಕುದುರೆಯಂತೆ ಬಾಗಿದ ಹಿಪೊಕ್ಯಾಂಪಸ್. ಎಲ್ಲಿ, ಯಾವಾಗ, ಏನಾಯಿತು ಎಂಬ ಹೊಸ ನೆನಪುಗಳನ್ನು ಕಟ್ಟಲು ಇದು ಬೇಕೇ ಬೇಕು. ಮೂರನೆಯದು ಹಣೆಯ ಹಿಂದಿನ ಮುಂಮೆದುಳು. ಯೋಚಿಸಿ ತೀರ್ಮಾನಿಸುವುದು, ತಡೆದುಕೊಳ್ಳುವುದು, ನಾಲ್ಕಾರು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟು ಲೆಕ್ಕ ಬಿಡಿಸುವುದು ಇದರ ಕೆಲಸ. ಇದನ್ನೊಂದು ಸ್ಲೇಟು ಅನ್ನೋಣ. ಸಣ್ಣ ಸ್ಲೇಟು. ಒಂದು ಬರೆಯಬೇಕಾದರೆ ಒಂದು ಅಳಿಸಬೇಕು.

ಹಗ್ಗವನ್ನು ಹಾವೆಂದು ತಿಳಿಯುವ ದೃಷ್ಟಾಂತವನ್ನು ವೇದಾಂತಿಗಳು ಮಾಯೆಯನ್ನು ವಿವರಿಸಲು ಬಳಸಿದರು. ಮೆದುಳಿನ ಲೆಕ್ಕ ಬೇರೆ. ಹಗ್ಗವನ್ನು ಹಾವೆಂದು ತಿಳಿದರೆ ಒಂದು ಸಲ ಬೆಚ್ಚಿಬೀಳುತ್ತೇವೆ, ಅಷ್ಟೇ. ಹಾವನ್ನು ಹಗ್ಗವೆಂದು ತಿಳಿದರೆ ಜೀವ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಂಡದ್ದರ ಒಂದು ಒರಟು ಸುದ್ದಿ ಯೋಚನೆಯ ಸುತ್ತುದಾರಿ ಬಿಟ್ಟು ಒಳದಾರಿಯಿಂದ ಅಮಿಗ್ಡಲಕ್ಕೆ ತಲುಪುತ್ತದೆ ಎಂದು ಅಮೆರಿಕದ ಜೋಸೆಫ್ ಲೆಡೂ ತೋರಿಸಿದರು. ಮುಂಮೆದುಳು ವಿಚಾರಿಸುವ ಮೊದಲೇ ಎದೆ ಬಡಿಯುತ್ತದೆ, ಅಂಗೈ ಬೆವರುತ್ತದೆ. ಮೂತ್ರಪಿಂಡದ ಮೇಲೆ ಕೂತ ಗ್ರಂಥಿಯಿಂದ ಅಡ್ರಿನಲಿನ್ ತಕ್ಷಣ, ಕಾರ್ಟಿಸಾಲ್ ಸ್ವಲ್ಪ ತಡವಾಗಿ ರಕ್ತಕ್ಕೆ ಇಳಿಯುತ್ತವೆ. ಹಾವು ಹೋದ ಮೇಲೆ ಇವೂ ಇಳಿಯಬೇಕು. ಆದರೆ ಹಾವು ಹೋಗದೆ ಇದ್ದರೆ? ದಿನಾ ಶಾಲೆಯ ಬಾಗಿಲಲ್ಲೇ ಇದ್ದರೆ?

4

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನಲ್ಲೇ ಕೆಲಸ ನಡೆದಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೂ ಸೇರಿ, 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಹಾಕಿದರು. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಬರೀ ಕಟ್ಟು. ಆಮೇಲೆ ನರಕೋಶಗಳ ಕವಲುಗಳನ್ನು ಅಳೆದರು. ನೆನಪು ಕಟ್ಟುವ ಹಿಪೊಕ್ಯಾಂಪಸ್‌ನಲ್ಲಿ ಕವಲುಗಳು ಕುಗ್ಗಿದ್ದವು. ಭಯ ಕಲಿಯುವ ಅಮಿಗ್ಡಲದಲ್ಲಿ ಅವು ಬೆಳೆದಿದ್ದವು! ಒಂದೇ ತಲೆಯೊಳಗೆ ಒಂದು ಗಿಡ ಸೊರಗಿತು, ಇನ್ನೊಂದು ಪೊದೆಯಾಯಿತು.

2004ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಟ್ಟು ಬಿಚ್ಚಿ 21 ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟರು. ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲದ ಪೊದೆ ಹಾಗೆಯೇ ಇತ್ತು, ಇಲಿಯ ಅಂಜಿಕೆಯೂ ಹಾಗೆಯೇ ಇತ್ತು. ಕಟ್ಟು ಬಿಚ್ಚಿದೆವಲ್ಲ, ಇನ್ನೇನು ಬೇಕು ಎಂದು ಕೇಳುವವರಿಗೆ ಈ 21 ದಿನದ ಲೆಕ್ಕವನ್ನು ತೋರಿಸಬೇಕು ಅನ್ನಿಸುತ್ತದೆ. ಕಾನೂನಿನಲ್ಲಿ ಅಸ್ಪೃಶ್ಯತೆ 1950ರಲ್ಲೇ ರದ್ದಾಯಿತು. ಮೈಯೊಳಗಿನ ಅಂಜಿಕೆ ಗೆಜೆಟ್ ಓದುವುದಿಲ್ಲ.

ಆದರೆ ಇಲ್ಲಿ ಎರಡು ಎಚ್ಚರ ಬೇಕು. ಇಲಿಯಿಂದ ಮನುಷ್ಯನಿಗೆ ನೇರ ಜಿಗಿಯಬಾರದು. ಮನುಷ್ಯನಿಗೆ ಮಾತಿದೆ, ಸಂಘಟನೆಯಿದೆ, ಹಾಡಿದೆ. ಎರಡನೆಯದು ಇನ್ನೂ ಮುಖ್ಯ. ದಲಿತರ ಮೆದುಳು ಹಾಳಾಗಿದೆ ಎಂದು ಇದನ್ನು ಓದಿಕೊಂಡರೆ ರಿಸ್ಲಿ ಹಿತ್ತಿಲ ಬಾಗಿಲಿಂದ ಮತ್ತೆ ಒಳಗೆ ಬಂದಂತೆ. ಆ ಇಲಿಯ ಮೆದುಳಿನಲ್ಲಿ ಹುಟ್ಟಿನ ದೋಷ ಇರಲಿಲ್ಲ. ಕಟ್ಟಿಹಾಕುವ ಜಗತ್ತಿನಲ್ಲಿ ಅಂಜುವುದು ಸರಿಯಾದ ಪಾಠವೇ, ಆ ಪಾಠವನ್ನು ಅದು ಚೆನ್ನಾಗಿ ಕಲಿತಿತ್ತು. ದೋಷ ಹಗ್ಗದಲ್ಲಿತ್ತು, ಹಗ್ಗ ಹಿಡಿದ ಕೈಯಲ್ಲಿತ್ತು. ಬೇರೆ ಯಾವ ಇಲಿಯನ್ನು ಕಟ್ಟಿದ್ದರೂ ಅದೇ ಆಗುತ್ತಿತ್ತು.

5

ಈಗ ನನ್ನ ವಿದ್ಯಾರ್ಥಿನಿಯ ಮರೆತುಹೋದ ಉತ್ತರಕ್ಕೆ ಬರೋಣ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರು ಏಳನೆಯ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹ ಬಿಡಿಸುವ ಆಟ ಕೊಟ್ಟರು. 321 ಮಂದಿ ಮೇಲುಜಾತಿಯ ಹುಡುಗರು, 321 ಮಂದಿ ದಲಿತ ಹುಡುಗರು. ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದೆ ಆಡಿಸಿದಾಗ ಎರಡೂ ಕಡೆಯವರು ಹೆಚ್ಚು ಕಡಿಮೆ ಒಂದೇ ಸಮ ಬಿಡಿಸಿದರು. ಆಮೇಲೆ ಬೇರೆ ಗುಂಪುಗಳಲ್ಲಿ ಆಟಕ್ಕೆ ಮೊದಲು ಪ್ರತಿ ಹುಡುಗನ ಹೆಸರು, ಊರು, ತಂದೆಯ ಹೆಸರು, ಅಜ್ಜನ ಹೆಸರು, ಜಾತಿ ಇಷ್ಟನ್ನೂ ಎಲ್ಲರೆದುರು ಓದಿದರು. ಅಷ್ಟೇ. ದಲಿತ ಹುಡುಗರು ಬಿಡಿಸಿದ ಲೆಕ್ಕ ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು. ಈ ಅಧ್ಯಯನ 2004ರಲ್ಲಿ ವರದಿಯಾಗಿ, 2006ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಅರ್ಧ ನಿಮಿಷದಲ್ಲಿ ಮೆದುಳಿನ ಕವಲುಗಳು ಕುಗ್ಗುವುದಿಲ್ಲ. ಹಾಗಾದರೆ ಇಳಿದದ್ದೇನು? ಸ್ಲೇಟಿನಲ್ಲಿ ಜಾಗ. ಅಮೆರಿಕದಲ್ಲಿ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ 1995ರಲ್ಲಿ ಕಪ್ಪು ವಿದ್ಯಾರ್ಥಿಗಳ ಬಗ್ಗೆ ಇಂಥದೇ ಸಂಗತಿ ಗುರುತಿಸಿದ್ದರು. ನಾನು ತಪ್ಪಿದರೆ ನನ್ನ ಇಡೀ ಜನವೇ ದಡ್ಡರು ಅನ್ನುತ್ತಾರೆ ಎಂಬ ಆತಂಕ ಮನಸ್ಸಿನಲ್ಲಿ ಎದ್ದರೆ, ಲೆಕ್ಕಕ್ಕೆ ಬೇಕಾದ ಜಾಗವನ್ನು ಆ ಆತಂಕವೇ ತುಂಬಿಕೊಳ್ಳುತ್ತದೆ. ಪಕ್ಕದ ಬೆಂಚಿನವ ಬೆನ್ನ ಹಿಂದೆ ಒಂದೇ ಒಂದು ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಿರುತ್ತಾನೆ. ಇವಳು ಎರಡಕ್ಕೆ ಬರೆಯುತ್ತಿರುತ್ತಾಳೆ. ಎರಡನೆಯ ಪ್ರಶ್ನೆಪತ್ರಿಕೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅಂಕ ಮಾತ್ರ ಮೊದಲನೆಯದಕ್ಕೆ. ಕೊನೆಗೆ ಮೀಸಲಾತಿಯವರು ಎಷ್ಟಾದರೂ ಅಷ್ಟೇ ಎಂಬ ಷರಾ ಬೇರೆ.

ಹಾಗಾದರೆ ಜಾತಿಯನ್ನು ಮುಚ್ಚಿಡಬೇಕೆ? ಇದನ್ನು ಗೆಳೆಯರೊಬ್ಬರು ಸ್ವಲ್ಪ ಸಿಟ್ಟಿನಿಂದಲೇ ಕೇಳಿದರು. ಇಲ್ಲ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮ್ಮ ಗುರುತನ್ನು ತಾವೇ ಗಟ್ಟಿಯಾಗಿ ಹೇಳಿಕೊಂಡು ತಲೆಯೆತ್ತಿದ ತಲೆಮಾರು ನಮ್ಮ ಮುಂದೆಯೇ ಇದೆ. ಅದೇ ಹೆಸರು ಅಲ್ಲಿ ಬಲ ಕೊಟ್ಟಿತು, ತರಗತಿಯಲ್ಲಿ ಬಾಯಿ ಕಟ್ಟಿತು. ಯಾರು ಹೇಳುತ್ತಾರೆ, ಯಾರೆದುರು ಹೇಳುತ್ತಾರೆ, ಯಾತಕ್ಕೆ ಹೇಳುತ್ತಾರೆ ಎಂಬುದನ್ನೆಲ್ಲ ಮೆದುಳು ಲೆಕ್ಕ ಹಾಕುತ್ತದೆ. ನಾನೇ ಹೇಳಿಕೊಂಡದ್ದಕ್ಕೂ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದಕ್ಕೂ ಇರುವ ಅಂತರ ದೊಡ್ಡದು.

6

ಇಲ್ಲಿಯವರೆಗೆ ನೋಡಿದ್ದು ಅವಮಾನ ಉಂಡವರ ಮೆದುಳು. ಅವಮಾನ ಬಡಿಸುವವರ ಮೆದುಳಿನ ಬಗ್ಗೆ ಯಾಕೆ ಯಾರೂ ಲೇಖನ ಬರೆಯುವುದಿಲ್ಲ?

ಹಳಸಿದ ಅನ್ನದ ವಾಸನೆಗೆ ಮುಖ ಕಿವುಚುತ್ತೇವಲ್ಲ, ಆಗ ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲ ಎಂಬ ಭಾಗ ಚುರುಕಾಗುತ್ತದೆ. ವಿಷದಿಂದ ಕಾಪಾಡಲು ಬಂದ ಒಳ್ಳೆಯ ಕಾವಲುಗಾರ ಅದು. ಆದರೆ ಅನ್ನಕ್ಕೆ ಬರುವ ಹೇಸಿಗೆಯನ್ನು ಮನುಷ್ಯನ ಮೇಲೆ ತಿರುಗಿಸಲು ಕಲಿಸಬಹುದು. ಪ್ರಿನ್ಸ್‌ಟನ್ನಿನ ಲಸಾನಾ ಹ್ಯಾರಿಸ್ ಮತ್ತು ಸೂಸನ್ ಫಿಸ್ಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿನ ವಿದ್ಯಾರ್ಥಿಗಳಿಗೆ ಸಮಾಜ ಕೀಳೆಂದು ಕಾಣುವ ನಿರ್ಗತಿಕರ, ವ್ಯಸನಿಗಳ ಚಿತ್ರ ತೋರಿಸಿದಾಗ ಇನ್ಸುಲ ಮತ್ತು ಅಮಿಗ್ಡಲ ಚುರುಕಾದವು. ಎದುರಿಗಿರುವುದು ಮನಸ್ಸುಳ್ಳ ಒಬ್ಬ ಮನುಷ್ಯ ಎಂದು ಯೋಚಿಸುವಾಗ ಕೆಲಸ ಮಾಡುವ ಮುಂಮೆದುಳಿನ ನಡುಭಾಗ ಅಷ್ಟಾಗಿ ಎಚ್ಚರಗೊಳ್ಳಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕರಾವಳಿಯ ಅಜಲು. ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸಿ, ತಮ್ಮ ಮನೆಯ ರೋಗ ಪೀಡೆ ಅವರಿಗೆ ದಾಟಿತೆಂದು ನಂಬುತ್ತಿದ್ದರು. ಇದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅಂಥ ಮನೆಯಲ್ಲಿ ಬೆಳೆದ ಮಗುವಿಗೆ ಯಾರೂ ಸಿದ್ಧಾಂತ ಹೇಳಿಕೊಡುವುದಿಲ್ಲ. ಅಜ್ಜಿ ಸೆರಗು ಎಳೆದುಕೊಳ್ಳುವುದನ್ನು ಅದು ನೋಡುತ್ತದೆ. ನೀರನ್ನು ಎತ್ತರದಿಂದ ಹೊಯ್ಯುವುದನ್ನು ನೋಡುತ್ತದೆ. ಬೇರೆ ಲೋಟವನ್ನು ನೋಡುತ್ತದೆ. ಅಮ್ಮನ ಬೆರಳಿಗೆ ಬೀಡಿ ಕಟ್ಟುವುದು ಬಂದ ಹಾಗೆಯೇ ಆ ಮಗುವಿನ ಕೈಗೆ ಹಿಂದೆ ಸರಿಯುವುದು ಬರುತ್ತದೆ. ಮುಂದೆ ಅದು ಓದಿ, ಸಮಾನತೆಯ ಬಗ್ಗೆ ಭಾಷಣ ಮಾಡಿ, ಬಹುಮಾನವನ್ನೂ ಪಡೆಯಬಹುದು. ಭಾಷಣ ಒಂದು ದಾರಿಯಲ್ಲಿ ಇರುತ್ತದೆ, ಕೈ ಇನ್ನೊಂದು ದಾರಿಯಲ್ಲಿ. ನಮ್ಮ ಎಷ್ಟೋ ಪ್ರಗತಿಪರರ ಮನೆಗಳಲ್ಲಿ ಹಾಲು ಅಡುಗೆಮನೆಯ ಹೊಸ್ತಿಲು ದಾಟಿ ಬರುವ ಬಗೆಯನ್ನು ಗಮನಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಮೆದುಳಿನ ಮೇಲೆ ಭಾರ ಹಾಕಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂಬುದನ್ನೂ ಹೇಳಬೇಕು. ಕಲಿತದ್ದು ಎಂದರೆ ಬಿಡಬಹುದಾದದ್ದು ಎಂದೇ ಅರ್ಥ.

7

ಇನ್ನು ಸಾಹಿತ್ಯದ ಮಾತು. ದಲಿತ ಆತ್ಮಕಥೆಗಳ ಬಗ್ಗೆ ನಮ್ಮ ವಿಮರ್ಶೆಯ ಒಂದು ಸಿದ್ಧ ದೂರು ಇದೆ: ಆವೇಶ ಹೆಚ್ಚು, ಕಲಾತ್ಮಕ ಸಂಯಮ ಕಡಿಮೆ. ಇದರ ಹಿಂದೆ ಭಾವ ಬೇರೆ, ಬುದ್ಧಿ ಬೇರೆ, ಬುದ್ಧಿ ಮೇಲೆ, ಭಾವ ಕೆಳಗೆ ಎಂಬ ವರ್ಣವ್ಯವಸ್ಥೆಯೊಂದಿದೆ. ಮೆದುಳಿನಲ್ಲಿ ಇಂಥ ಅಗ್ರಹಾರ ಇಲ್ಲ. ಮುಂಮೆದುಳು ಮತ್ತು ಅಮಿಗ್ಡಲದ ನಡುವೆ ಎರಡೂ ಕಡೆಗೆ ಓಡಾಟವಿದೆ. ಭಾವ ಎಬ್ಬಿಸಿದ ಘಟನೆಗಳು ಅಮಿಗ್ಡಲದ ಒತ್ತಾಸೆಯಿಂದ ಹಿಪೊಕ್ಯಾಂಪಸ್‌ನಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ. ಭಾವವಿಲ್ಲದಿದ್ದರೆ ನೆನಪಿಗೆ ಅಂಟೇ ಇಲ್ಲ.

ಅಂಬೇಡ್ಕರರ 'ವೀಸಾಕ್ಕಾಗಿ ಕಾಯುತ್ತ' ಎಂಬ ಸಣ್ಣ ಬರಹವನ್ನು ನೋಡಿ. 1990ರಲ್ಲಷ್ಟೇ ಪುಸ್ತಿಕೆಯಾಗಿ ಬಂದ ಅದರಲ್ಲಿ 1901ರ ಒಂದು ಪ್ರಯಾಣವಿದೆ. ಒಂಬತ್ತು ವರ್ಷದ ಹುಡುಗ ರೈಲಿಳಿದು ತಂದೆಯಿದ್ದ ಊರಿಗೆ ಎತ್ತಿನ ಗಾಡಿಯಲ್ಲಿ ಹೋಗಬೇಕು. ಜಾತಿ ಗೊತ್ತಾದ ಮೇಲೆ ಗಾಡಿ ಸಿಗುವುದು ಕಷ್ಟ, ಸಿಕ್ಕಿದರೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಬುತ್ತಿ ಇದ್ದರೂ ಕುಡಿಯುವ ನೀರಿಲ್ಲ. ಬರೆದದ್ದು ಮೂರು ದಶಕ ದಾಟಿದ ಮೇಲೆ, ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಓದಿ ಬಂದ ಮೇಲೆ. ಆದರೂ ನಿಲ್ದಾಣ, ಗಾಡಿ, ಕತ್ತಲೆ, ಬಾಯಾರಿಕೆ ಒಂದೂ ಮಾಸಿಲ್ಲ. ಶಾಲೆಯಲ್ಲಿ ಕೂರಲು ಹೊತ್ತು ಒಯ್ಯುತ್ತಿದ್ದ ಗೋಣಿತಟ್ಟೂ ಮಾಸಿಲ್ಲ. ಆವೇಶವೆಲ್ಲಿದೆ ಅದರಲ್ಲಿ? ವಕೀಲನ ಹಾಗೆ ಸಾಕ್ಷ್ಯ ಜೋಡಿಸುತ್ತ ಹೋಗುತ್ತಾರೆ. ಉರಿಯುವ ನೆನಪನ್ನು ಮುಂಮೆದುಳು ಎತ್ತಿ ಹಿಡಿದ ಬರಹ ಅದು. ನಮ್ಮಲ್ಲಿ 1994ರಲ್ಲಿ ಬಂದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ, ಅದೇ ನೆನಪನ್ನು ಒಬ್ಬರು ನೇರ ಎದುರಿಗೆ ಇಡುವುದನ್ನೂ ಇನ್ನೊಬ್ಬರು ನಗೆಯ ಜೊತೆ ಇಡುವುದನ್ನೂ ಕಾಣಬಹುದು. ಸಂಯಮಕ್ಕೆ ಇರುವುದು ಒಂದೇ ಮುಖವಲ್ಲ.

ನೆನಪು ಗಟ್ಟಿ ಎಂದ ಮಾತ್ರಕ್ಕೆ ಅದು ಪೆಟ್ಟಿಗೆಯಲ್ಲಿಟ್ಟ ತಾಳೆಗರಿಯಲ್ಲ. ನಮ್ಮ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ಓಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತ ಭದ್ರವಾಗಿದ್ದವು. ಮೆದುಳಿನ ಭಂಡಾರ ಹಾಗಲ್ಲ. ಕರೀಮ್ ನಾದೆರ್ ಮತ್ತು ಸಂಗಡಿಗರು 2000ದಲ್ಲಿ ಇಲಿಗಳಲ್ಲಿ ತೋರಿಸಿದಂತೆ, ಭಯದ ನೆನಪನ್ನು ಎಬ್ಬಿಸಿದಾಗ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಮತ್ತೆ ಗಟ್ಟಿಯಾಗಲು ಹೊಸದಾಗಿ ಕೆಲಸ ನಡೆಯಬೇಕು. ಓಲೆಯನ್ನು ಬಿಚ್ಚಿದಾಗಲೆಲ್ಲ ಮತ್ತೆ ಪ್ರತಿ ಮಾಡಿದ ಹಾಗೆ. ಪ್ರಯೋಗಾಲಯದಿಂದ ಆತ್ಮಕಥೆಗೆ ಸೀದಾ ರಸ್ತೆ ಇಲ್ಲ, ಒಪ್ಪುತ್ತೇನೆ. ಆದರೂ ಕೇಳುವವರು, ನಂಬುವವರು ಇರುವ ಕಡೆ ಅವಮಾನದ ನೆನಪನ್ನು ಬಿಚ್ಚಿ ಬರೆಯುವುದು ಬರೀ ದೂರು ಹೇಳಿಕೊಳ್ಳುವುದಲ್ಲ, ಅದನ್ನು ಬೇರೆ ಕೈಬರಹದಲ್ಲಿ ಮತ್ತೆ ಬರೆದುಕೊಳ್ಳುವುದು ಎಂದು ನನಗೆ ಅನ್ನಿಸುತ್ತದೆ.

8

ನೆನಪಿನ ಮಾತು ಬಂದಾಗ ಇನ್ನೊಂದು ಸಂಗತಿ. ತುಳುನಾಡಿನಲ್ಲಿ ಭೂತಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಗಂಟೆಗಟ್ಟಲೆ ಪಾಡ್ದನವನ್ನು ಪುಸ್ತಕವಿಲ್ಲದೆ ಹೇಳುತ್ತಾರೆ. ಊರಿನ ಹೆಸರು, ಬೀಡಿನ ಹೆಸರು, ದೈವದ ಸಂಚಾರದ ದಾರಿ, ಒಂದೂ ತಪ್ಪುವುದಿಲ್ಲ. ಆ ಮನೆಯ ಹುಡುಗನಿಗೆ ಶಾಲೆಯಲ್ಲಿ ಕಂಠಪಾಠ ಬರುವುದಿಲ್ಲವಂತೆ, ಮಂಡೆಯಲ್ಲಿ ಏನೂ ನಿಲ್ಲುವುದಿಲ್ಲವಂತೆ! ನಾನು ಕಲಿತ ಶಾಲೆಯೊಂದರಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿದೆ. ಲಂಡನ್ನಿನ ಟ್ಯಾಕ್ಸಿ ಚಾಲಕರ ಹಿಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಾಗಿರುವುದನ್ನು ಎಲೀನರ್ ಮಗ್ವೈರ್ 2000ದಲ್ಲಿ ತೋರಿಸಿದಾಗ ಲೋಕವೆಲ್ಲ ಬೆರಗಾಯಿತು. ಪಾಡ್ದನ ಹೊತ್ತ ತಲೆಗಳನ್ನು ನೋಡಿ ಬೆರಗಾಗಲು ನಮಗೆ ಯಂತ್ರವೇ ಬೇಕೆ? ಆ ಹುಡುಗನ ನೆನಪು ಕೆಟ್ಟಿಲ್ಲ. ಮನೆಯಲ್ಲಿ ಅದು ತುಳುವಿನಲ್ಲಿ, ಲಯದ ಜೊತೆ, ಅಪ್ಪನ ಪಕ್ಕದಲ್ಲಿ, ಮರ್ಯಾದೆಯೊಡನೆ ಕಟ್ಟಿಕೊಂಡಿತು. ಶಾಲೆ ಈ ನಾಲ್ಕನ್ನೂ ಒಟ್ಟಿಗೆ ಕಿತ್ತುಕೊಂಡು, ಆಮೇಲೆ ಪರೀಕ್ಷೆ ಮಾಡಿತು.

ಊಟವೂ ಮೆದುಳಿನ ವಿಷಯವೇ. ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ ಎರಡು. ವಿಶ್ರಾಂತಿಯಲ್ಲಿರುವಾಗ ಖರ್ಚಾಗುವ ಶಕ್ತಿಯಲ್ಲಿ ಅದರ ಪಾಲು ಸುಮಾರು ಇಪ್ಪತ್ತು. ಮೊದಲ ಕೆಲವು ವರ್ಷಗಳಲ್ಲಿ ಕಬ್ಬಿಣ, ಅಯೋಡಿನ್, ಪ್ರೋಟೀನು ಸಾಲದೆ ಹೋದರೆ ಕಲಿಕೆಗೆ ಏಟು ಬೀಳುತ್ತದೆ. ಮೊಟ್ಟೆಯಲ್ಲಿರುವ ಕೋಲಿನ್‌ನಿಂದ ನೆನಪಿಗೆ ಬೇಕಾದ ಒಂದು ನರವಾಹಕ ರಸಾಯನ ತಯಾರಾಗುತ್ತದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಎದ್ದು ನಿಂತರು. ಅದು ಬರೀ ಆಹಾರದ ರುಚಿಯ ಜಗಳವಾಗಿರಲಿಲ್ಲ, ಯಾರ ಮಕ್ಕಳ ಮೆದುಳು ಬೆಳೆಯಬೇಕು ಎಂಬ ಜಗಳವಾಗಿತ್ತು.

ಕೊನೆಗೆ, ಅಂಜಿಕೆ ಹೋಗುವುದು ಹೇಗೆ? ಅದು ಪೂರ್ತಿ ಅಳಿಯುವುದಿಲ್ಲ ಎಂದು ಈ ಶಾಸ್ತ್ರ ಹೇಳುತ್ತದೆ. ಅಪಾಯವಿಲ್ಲ ಎಂಬ ಅನುಭವ ಮತ್ತೆ ಮತ್ತೆ ಆದಾಗ ಹಳೆಯ ಪಾಠದ ಮೇಲೆ ಹೊಸ ಪಾಠ ಬರೆಯಲ್ಪಡುತ್ತದೆ. ಹಣೆಯ ಹಿಂದಿನ ಮೆದುಳು ಅಮಿಗ್ಡಲದ ಹೆಗಲ ಮೇಲೆ ಕೈಯಿಡಲು ಕಲಿಯುತ್ತದೆ. ನಿಮ್ಹಾನ್ಸ್‌ನ ತಂಡವೊಂದು 2009ರಲ್ಲಿ ತೋರಿಸಿದಂತೆ, ಒತ್ತಡ ಉಂಡ ಇಲಿಗಳಿಗೆ ವಿಶಾಲವಾದ ಜಾಗ, ಆಟದ ಸಾಮಾನು, ಸಂಗಾತಿಗಳು ಸಿಕ್ಕಿದಾಗ ಕಳೆದುಹೋಗಿದ್ದ ಕಲಿಕೆ ಮರಳಿ ಬಂತು. ಉಪದೇಶದಿಂದ ಬಂದದ್ದಲ್ಲ. ಅಂಜಿದವರಿಗೆ ಧೈರ್ಯ ಹೇಳುವುದರಿಂದಲೂ ಹೇಸುವವರಿಗೆ ನೀತಿ ಹೇಳುವುದರಿಂದಲೂ ಆಗುವುದು ಕಡಿಮೆ. ಒಂದೇ ಬೆಂಚು, ಒಂದೇ ಪಂಕ್ತಿ, ಒಂದೇ ಕೊಡ, ದಿನಾ ದಿನಾ. ಕಾಲುದಾರಿ ಬೀಳುವುದು ಹಾಗೆ.

ಪಟ್ಟಿಯನ್ನು ನಾನೀಗ ತರಗತಿಯಲ್ಲಿ ಓದುವುದಿಲ್ಲ. ಅರ್ಜಿಗಳನ್ನು ಕಚೇರಿಯ ಹೊರಗೆ ಇಡುತ್ತೇವೆ, ಬೇಕಾದವರು ಒಯ್ಯುತ್ತಾರೆ. ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಲಿಲ್ಲ. ಆ ಹುಡುಗಿ ಕೂಡಲೇ ಎರಡನೆಯ ಬೆಂಚಿಗೆ ಬಂದುಬಿಡಲಿಲ್ಲ. ಎರಡು ತಿಂಗಳು ಗೋಡೆಗೆ ಒರಗಿಯೇ ಕೂತಿದ್ದಳು. ಮೂರನೆಯ ತಿಂಗಳಲ್ಲಿ ಒಂದು ದಿನ ನಾನು ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆಯುವಾಗ ಅಮಿಗ್ಡಲ, ಹಿಪೊಕ್ಯಾಂಪಸ್‌ಗಳ ಹೆಸರನ್ನು ಅದಲುಬದಲು ಮಾಡಿದ್ದೆ. ಹಿಂದಿನಿಂದ ಅವಳ ದನಿ ಕೇಳಿಸಿತು: "ಸರ್, ಅದು ತಪ್ಪು."